ಫೈಲಿನಲ್ಲೇ ಇಲ್ಲದ ಟೈಮ್‌ಔಟ್ ಎಲ್ಲಿಂದ ಬರುತ್ತಿದೆ? ಕಬ್ಬಿನ ಬಿಲ್ ಒಂದು ನಿಮಿಷಕ್ಕೆ ನಿಲ್ಲುತ್ತಿದೆ

ಘಟಪ್ರಭಾ ದಂಡೆ | ಮುಧೋಳ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತು ತೂಕವಾದ ಕೂಡಲೇ ಚೀಟಿ ಮುದ್ರಣವಾಗುತ್ತದೆ, ಅದೇ ತೂಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸೇರುತ್ತದೆ. ಆ ತೂಕಗಳನ್ನು ಹಿಡಿದು ರೈತವಾರು ಬಿಲ್ ತಯಾರಿಸುವ ಪ್ರೋಗ್ರಾಂ ಬೇರೆ ಇದೆ. ತೊಂದರೆ ಇರುವುದು ಈ ಎರಡನೆಯದರಲ್ಲಿ.

ಹಂಗಾಮಿನ ಆರಂಭದಲ್ಲಿ ಬಿಲ್ ಸರಿಯಾಗಿಯೇ ಬರುತ್ತಿತ್ತು. ನುರಿಸುವ ಕೆಲಸ ಭರದಿಂದ ಸಾಗಿ ತೂಕದ ದಾಖಲೆಗಳು ಏರಿದಂತೆ ಲೆಕ್ಕಕ್ಕೆ ಹಿಡಿಯುವ ಹೊತ್ತೂ ಏರಿತು. ಈಗ ಸರಿಯಾಗಿ ಒಂದು ನಿಮಿಷಕ್ಕೆ ಎಲ್ಲವೂ ನಿಂತುಬಿಡುತ್ತದೆ. ಸ್ಟೇಟ್‌ಮೆಂಟ್ ಟೈಮ್‌ಔಟ್‌ನಿಂದಾಗಿ (ಒಂದು ಆಜ್ಞೆ ಓಡಬಹುದಾದ ಗರಿಷ್ಠ ಸಮಯ ಮೀರಿದ್ದರಿಂದ) ಆಜ್ಞೆಯನ್ನು ರದ್ದು ಮಾಡಲಾಗಿದೆ ಎಂಬ ಸಾಲು ಲಾಗ್‌ನಲ್ಲಿ ಕಾಣುತ್ತದೆ.

ಮುಖ್ಯ ಕಾನ್ಫಿಗ್ ಫೈಲಾದ ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್ ತೆರೆದು ನೋಡಿದೆ. ಸ್ಟೇಟ್‌ಮೆಂಟ್_ಟೈಮ್‌ಔಟ್ ಸಾಲಿನ ಮುಂದೆ ಹ್ಯಾಶ್ ಗುರುತಿದೆ, ಅಂದರೆ ಅದು ಬರೀ ಟಿಪ್ಪಣಿ. ಪಕ್ಕದ ಕಾನ್ಫ್.ಡಿ ಡೈರೆಕ್ಟರಿಯಲ್ಲಿ ಆ ಹೆಸರೇ ಇಲ್ಲ. ಸೆಟ್ಟಿಂಗ್ ಫೈಲುಗಳಿರುವ ಇಡೀ ಇಟಿಸಿ ಡೈರೆಕ್ಟರಿಯನ್ನು ಪದ ಹುಡುಕುವ ಗ್ರೆಪ್‌ನಿಂದ ಜಾಲಾಡಿದರೂ ಆ ಒಂದೇ ಟಿಪ್ಪಣಿ ಸಾಲು ಸಿಕ್ಕಿತು. ಡೇಟಾಬೇಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯೂಎಲ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಒಳಗೆ ಹೋಗಿ ಶೋ ಆಜ್ಞೆ ಕೊಟ್ಟರೆ ಉತ್ತರ 0, ಅಂದರೆ ಮಿತಿಯೇ ಇಲ್ಲ!

ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಪಾವತಿಯಾಗಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಲೆಕ್ಕ ವಿಭಾಗದವರು ಸದ್ಯ ಗ್ರಾಮವಾರು ತುಂಡು ಮಾಡಿ ಬಿಲ್ ತೆಗೆಯುತ್ತಿದ್ದಾರೆ. ತಂತ್ರಾಂಶ ಬರೆದುಕೊಟ್ಟವರು ಈಗ ಸಂಪರ್ಕದಲ್ಲಿಲ್ಲ. ಇದ್ದಬದ್ದ ಕಡೆಯೆಲ್ಲ ದೊಡ್ಡ ಮಿತಿ ಬರೆದು ರೀಸ್ಟಾರ್ಟ್ ಮಾಡಿಬಿಡಿ ಎನ್ನುತ್ತಾರೆ ಮೇಲಿನವರು. ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಈ ಒಂದು ನಿಮಿಷ ಎಲ್ಲಿಂದ ಬಂತು ಎಂಬುದು ನನಗೆ ತಿಳಿಯಬೇಕು.

ಕುಂದಾನಗರಿ ಕನ್ಸೋಲ್ | ಬೆಳಗಾವಿ

ಅಣ್ಣಾ, ಬಿಲ್ ಪ್ರೋಗ್ರಾಂ ಯಾವ ಬಳಕೆದಾರ ಹೆಸರಿನಿಂದ ಡೇಟಾಬೇಸ್‌ಗೆ ಹೋಗುತ್ತದೆ? ನೀವು ಪರೀಕ್ಷಿಸಿದ್ದು ಪೋಸ್ಟ್‌ಗ್ರೆಸ್ ಹೆಸರಿನಿಂದ. ಎರಡೂ ಒಂದೇ ಅಲ್ಲದಿದ್ದರೆ ನಿಮಗೆ ಬಂದ 0 ಆ ಪ್ರೋಗ್ರಾಂಗೆ ಅನ್ವಯಿಸಬೇಕೆಂದಿಲ್ಲ. ನಡುವೆ ಪಿಜಿಬೌನ್ಸರ್‌ನಂತಹ ಪೂಲರ್ (ಸಂಪರ್ಕಗಳನ್ನು ಹಂಚುವ ಮಧ್ಯವರ್ತಿ ಪ್ರೋಗ್ರಾಂ) ಇದ್ದರೆ ಅದನ್ನೂ ತಿಳಿಸಿ.

ಗುಮ್ಮಟದ ಪಡಸಾಲೆ | ವಿಜಯಪುರ

ಕುಂದಾನಗರಿಯವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಡೇಟಾಬೇಸ್ ಆಡಳಿತವೇ ನನ್ನ ದಿನದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸೆಟ್ಟಿಂಗ್‌ಗೆ ಮೌಲ್ಯ ಬರುವ ದಾರಿಗಳು ಹಲವು. ಎಲ್ಲಕ್ಕಿಂತ ಕೆಳಗೆ ಪ್ರೋಗ್ರಾಂನೊಳಗೇ ಇರುವ ಡಿಫಾಲ್ಟ್. ಅದರ ಮೇಲೆ ಕಾನ್ಫಿಗ್ ಫೈಲು. ಫೈಲಿನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಕೊನೆಯದು ಗೆಲ್ಲುತ್ತದೆ. ಆಲ್ಟರ್ ಸಿಸ್ಟಂ ಆಜ್ಞೆ 9.4ನೇ ಆವೃತ್ತಿಯಲ್ಲಿ ಬಂದಿತು. ಅದು ಬರೆಯುವ ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಎಲ್ಲಕ್ಕಿಂತ ಕೊನೆಗೆ ಓದಲ್ಪಡುವುದರಿಂದ ಮುಖ್ಯ ಫೈಲಿನ ಮಾತನ್ನು ಮೀರುತ್ತದೆ. ಅದರ ಮೇಲೆ ಸರ್ವರ್ ಆರಂಭಿಸುವಾಗಿನ ಕಮಾಂಡ್ ಲೈನ್. ಅದರ ಮೇಲೆ ಆಲ್ಟರ್ ಡೇಟಾಬೇಸ್ ಮೂಲಕ ಒಂದು ಡೇಟಾಬೇಸ್‌ಗೆ ಅಂಟಿಸಿದ್ದು, ಅದರ ಮೇಲೆ ಆಲ್ಟರ್ ರೋಲ್ ಮೂಲಕ ಒಬ್ಬ ಬಳಕೆದಾರನಿಗೆ ಅಂಟಿಸಿದ್ದು, ನಂತರ ಈ ಡೇಟಾಬೇಸ್‌ನಲ್ಲಿ ಈ ಬಳಕೆದಾರ ಎಂಬ ಜೋಡಿಗೆ ಅಂಟಿಸಿದ್ದು. ಇವೆಲ್ಲವನ್ನೂ ಮೀರುವುದು ಸಂಪರ್ಕ ಮಾಡುವಾಗ ಕ್ಲೈಂಟ್ ಕಳುಹಿಸಿದ್ದು. ಕೊನೆಯದಾಗಿ, ಸೆಶನ್ ನಡುವೆ ಸೆಟ್ ಆಜ್ಞೆ ಕೊಟ್ಟಿದ್ದು.

ಗ್ರೆಪ್ ಹುಡುಕುವುದು ಫೈಲುಗಳನ್ನು ಮಾತ್ರ. ಆಲ್ಟರ್ ರೋಲ್ ಅಥವಾ ಆಲ್ಟರ್ ಡೇಟಾಬೇಸ್‌ನಿಂದ ಇಟ್ಟದ್ದು ಯಾವ ಕಾನ್ಫಿಗ್ ಫೈಲಿನಲ್ಲೂ ಇರುವುದಿಲ್ಲ. ಅದು ಡೇಟಾಬೇಸ್‌ನೊಳಗೆ ಪಿಜಿ_ಡಿಬಿ_ರೋಲ್_ಸೆಟ್ಟಿಂಗ್ ಎಂಬ ಕೋಷ್ಟಕದಲ್ಲಿ ಕುಳಿತಿರುತ್ತದೆ. ಅದನ್ನು ಓದಲು ಪಿಎಸ್‌ಕ್ಯೂಎಲ್‌ನಲ್ಲಿ \ಡಿಆರ್‌ಡಿಎಸ್ ಎಂಬ ಕಿರು ಆಜ್ಞೆ ಇದೆ.

ಊಹೆ ಮಾಡುವ ಬದಲು ಸರ್ವರನ್ನೇ ಕೇಳಿ. ಬಿಲ್ ಪ್ರೋಗ್ರಾಂ ಬಳಸುವ ಅದೇ ಬಳಕೆದಾರ ಹೆಸರು, ಅದೇ ಡೇಟಾಬೇಸ್ ಹಿಡಿದು ಒಳಗೆ ಹೋಗಿ. ಪಿಜಿ_ಸೆಟ್ಟಿಂಗ್ಸ್ ಎಂಬ ವ್ಯೂನಿಂದ ನೇಮ್, ಸೆಟ್ಟಿಂಗ್, ಯೂನಿಟ್, ಸೋರ್ಸ್, ಸೋರ್ಸ್‌ಫೈಲ್, ಸೋರ್ಸ್‌ಲೈನ್ ಈ ಆರು ಕಾಲಂಗಳನ್ನು ತೆಗೆಯಿರಿ. ಸೋರ್ಸ್ ಕಾಲಂನಲ್ಲಿ ಡಿಫಾಲ್ಟ್, ಕಾನ್ಫಿಗರೇಶನ್ ಫೈಲ್, ಕಮಾಂಡ್ ಲೈನ್, ಡೇಟಾಬೇಸ್, ಯೂಸರ್, ಡೇಟಾಬೇಸ್ ಯೂಸರ್, ಕ್ಲೈಂಟ್, ಸೆಶನ್ ಇವುಗಳಲ್ಲಿ ಒಂದು ಪದ ಸಾಮಾನ್ಯವಾಗಿ ಬರುತ್ತದೆ. ಆ ಒಂದು ಪದ ನಿಮ್ಮ ಅರ್ಧ ದಿನದ ಹುಡುಕಾಟವನ್ನು ಉಳಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಸಾಮಾನ್ಯ ಬಳಕೆದಾರನಾಗಿ ಕೇಳಿದಾಗ ಸೋರ್ಸ್‌ಫೈಲ್ ಮತ್ತು ಸೋರ್ಸ್‌ಲೈನ್ ಖಾಲಿ ಬರುತ್ತವೆ, ಏಕೆಂದರೆ ಅವನ್ನು ನೋಡಲು ಸೂಪರ್‌ಯೂಸರ್ ಆಗಿರಬೇಕು, ಇಲ್ಲವೇ ಪಿಜಿ_ರೀಡ್_ಆಲ್_ಸೆಟ್ಟಿಂಗ್ಸ್ ಅಧಿಕಾರ ಬೇಕು. ಖಾಲಿ ಕಂಡ ಮಾತ್ರಕ್ಕೆ ಫೈಲಿನಿಂದ ಬಂದಿಲ್ಲ ಎಂದು ತೀರ್ಮಾನಿಸಬೇಡಿ. ಎರಡನೆಯದು, ಪ್ರೋಗ್ರಾಂ ತಾನೇ ಸಂಪರ್ಕದ ವೇಳೆ ಟೈಮ್‌ಔಟ್ ಕಳುಹಿಸುತ್ತಿದ್ದರೆ ನಿಮ್ಮ ಪಿಎಸ್‌ಕ್ಯೂಎಲ್‌ನಲ್ಲಿ ಅದು ಕಾಣಿಸುವುದಿಲ್ಲ. ಆಗ ಇದೇ ಪ್ರಶ್ನೆಯನ್ನು ಪ್ರೋಗ್ರಾಂನ ಸಂಪರ್ಕದಿಂದಲೇ ಕೇಳಿಸಿ ಲಾಗ್‌ಗೆ ಬರೆಸಬೇಕು.

ಘಟಪ್ರಭಾ ದಂಡೆ | ಮುಧೋಳ

ಪಡಸಾಲೆ ಮೇಡಂ, ಕೈಮುಗಿದು ಧನ್ಯವಾದ ಹೇಳುತ್ತೇನೆ. ಪೂಲರ್ ಇಲ್ಲ, ನೇರ ಸಂಪರ್ಕವೇ. ಬಿಲ್ ಪ್ರೋಗ್ರಾಂ ಬಳಸುವುದು ವರದಿಗಳಿಗಾಗಿ ಮಾಡಿಟ್ಟ ಬಳಕೆದಾರ ಹೆಸರನ್ನು. ಆ ಹೆಸರಿನಿಂದ ಒಳಗೆ ಹೋಗಿ ಕೇಳಿದಾಗ ಬಂದ ಉತ್ತರ: ಸೆಟ್ಟಿಂಗ್ 60000, ಯೂನಿಟ್ ಎಂಎಸ್, ಸೋರ್ಸ್ ಯೂಸರ್.

60000 ಮಿಲಿಸೆಕೆಂಡ್, ಅಂದರೆ ಅದೇ ಒಂದು ನಿಮಿಷ. \ಡಿಆರ್‌ಡಿಎಸ್ ಕೊಟ್ಟರೆ ವರದಿ ಬಳಕೆದಾರನ ಎದುರು ಸ್ಟೇಟ್‌ಮೆಂಟ್_ಟೈಮ್‌ಔಟ್ ಕಾಣಿಸಿತು. ಅದರ ಕೆಳಗೆ ಅದೇ ಬಳಕೆದಾರನಿಗೆ ವರ್ಕ್_ಮೆಮ್ (ಲೆಕ್ಕದ ವೇಳೆ ಬಳಸಬಹುದಾದ ಮೆಮೊರಿ) 64 ಎಂಬಿ ಎಂದೂ ಇದೆ. ಅದೂ ನಮ್ಮ ಯಾವ ಫೈಲಿನಲ್ಲಿಯೂ ಇಲ್ಲ! ಡಿಫಾಲ್ಟ್ 4 ಎಂಬಿ ಎಂದು ನಂಬಿಕೊಂಡೇ ನಾನು ಮೆಮೊರಿ ಲೆಕ್ಕ ಹಾಕುತ್ತಾ ಬಂದಿದ್ದೆ.

ಎಲ್ಲಿಂದ ಬಂತು ಎಂಬುದು ಗೊತ್ತಾಯಿತು. ಯಾರು, ಯಾವಾಗ, ಏಕೆ ಇಟ್ಟರು ಎಂಬುದಕ್ಕೆ ಆ ಕೋಷ್ಟಕದಲ್ಲಿ ಉತ್ತರವಿಲ್ಲ. ರೀಸೆಟ್ ಮಾಡಿಬಿಡಬಹುದೇ? ನಾಳೆ ಮತ್ತೆ ಬಿಲ್ ತೆಗೆಯಬೇಕು.

ಉದ್ಯಮಬಾಗ್ ಪಾಳಿ | ಬೆಳಗಾವಿ

ಸರ್, ತೆಗೆಯುವ ಮೊದಲು ಒಮ್ಮೆ ತಡೆಯಿರಿ. ಫೌಂಡ್ರಿಗಳ ಸರ್ವರ್‌ಗಳ ಜೊತೆಯಲ್ಲೇ ನನ್ನ ಕೂದಲು ನೆರೆತಿದೆ, ಆ ಅನುಭವದಿಂದ ಹೇಳುತ್ತಿದ್ದೇನೆ. ಒಬ್ಬನೇ ಬಳಕೆದಾರನಿಗೆ, ಅದೂ ವರದಿಯ ಬಳಕೆದಾರನಿಗೆ, ಕೈಯಾರೆ ಮಿತಿ ಹಾಕಿದ್ದಾರೆ ಎಂದರೆ ಅದರ ಹಿಂದೆ ಒಂದು ಘಟನೆ ಇದ್ದೇ ಇರುತ್ತದೆ. ಬಹುಶಃ ಯಾವುದೋ ಭಾರಿ ವರದಿ ಇಡೀ ಸರ್ವರನ್ನು ಹಿಡಿದಿಟ್ಟಿರಬೇಕು. ಮಿತಿಯನ್ನು ಕಿತ್ತರೆ ಇಂದು ಬಿಲ್ ಬರುತ್ತದೆ, ನಾಳೆ ಕಾಟಾ ನಿಲ್ಲುತ್ತದೆ. ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದ ಮೇಲೆ ಯಾರೂ ನಿಮ್ಮ ವಿವರಣೆ ಕೇಳುವುದಿಲ್ಲ. ಹಳೆಯ ಲೆಕ್ಕದವರನ್ನು, ಪಾಳಿಯವರನ್ನು ವಿಚಾರಿಸಿ ನೋಡಿ.

ಇನ್ನೊಂದು ಮಾತು. ಈ ಹುಡುಕಾಟದ ಮೂಲ ರೋಗ ಎಂದರೆ ಸೆಟ್ಟಿಂಗ್‌ಗಳನ್ನು ಹತ್ತು ಕಡೆ ಇಡಲು ಅವಕಾಶ ಕೊಟ್ಟಿರುವುದೇ. ನಾನಿರುವಲ್ಲಿ ನಿಯಮ ಸರಳ. ಒಂದು ಪ್ರೋಗ್ರಾಂ, ಒಂದು ಫೈಲು. ಕಾನ್ಫ್.ಡಿ ಬೇಡ, ಇನ್‌ಕ್ಲೂಡ್ ಬೇಡ, ಆಲ್ಟರ್ ಸಿಸ್ಟಂ ಬೇಡವೇ ಬೇಡ. ತೆರೆದು ನೋಡಿದರೆ ಎಲ್ಲವೂ ಒಂದೇ ಕಡೆ ಕಾಣಬೇಕು.

ಕುಂದಾನಗರಿ ಕನ್ಸೋಲ್ | ಬೆಳಗಾವಿ

ಪಾಳಿಯವರೇ, ಕಾರಣ ತಿಳಿಯದೆ ತೆಗೆಯಬೇಡಿ ಎಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಒಂದೇ ಫೈಲಿನ ನಿಯಮವನ್ನು ಮಾತ್ರ ಒಪ್ಪಲಾರೆ. ನಾವು ಒಂದೇ ಫೈಲಿನಲ್ಲಿ ಬರೆಯಬಹುದು, ಸರ್ವರ್ ಒಂದನ್ನೇ ಓದುತ್ತದೆ ಎಂಬ ಭರವಸೆ ಎಲ್ಲಿದೆ? ಬಾಡಿಗೆ ಕ್ಲೌಡ್ ಯಂತ್ರ ಪಡೆದರೆ ಅದರ ಜೊತೆಗೇ ಯಂತ್ರವನ್ನು ಮೊದಲ ಸಲ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಬರೆದ ಫೈಲುಗಳು ಬರುತ್ತವೆ. ಪ್ಯಾಕೇಜುಗಳು ತಮ್ಮ ತುಣುಕುಗಳನ್ನು ಇಡುತ್ತವೆ. ಸೇವೆಗಳನ್ನು ಆರಂಭಿಸುವ ಸಿಸ್ಟಂಡಿ ತನ್ನ ಎನ್ವಿರಾನ್ಮೆಂಟ್ ಕೊಡುತ್ತದೆ.

ದೂರದಿಂದ ಯಂತ್ರದೊಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ನ ಉದಾಹರಣೆಯೊಂದನ್ನು ಕೊಡುತ್ತೇನೆ, ಏಕೆಂದರೆ ಇದರಲ್ಲಿ ಅಪಾಯ ನೇರವಾಗಿದೆ. ಉಬುಂಟು ಯಂತ್ರದಲ್ಲಿ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್ ತೆರೆದು ಕೊನೆಯಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ನೋ ಎಂದು ಬರೆಯುತ್ತೀರಿ, ಸೇವೆಯನ್ನು ರೀಸ್ಟಾರ್ಟ್ ಮಾಡುತ್ತೀರಿ. ಫೈಲು ನೋಡಿದವರೆಲ್ಲ ಪಾಸ್‌ವರ್ಡ್ ಬಾಗಿಲು ಮುಚ್ಚಿದೆ ಎಂದುಕೊಳ್ಳುತ್ತಾರೆ. ಆದರೆ ಅದೇ ಫೈಲಿನ ತಲೆಯಲ್ಲಿ ಒಂದು ಇನ್‌ಕ್ಲೂಡ್ ಸಾಲು ಇದೆ. ಅದು ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಡೈರೆಕ್ಟರಿಯನ್ನು ಮೊದಲೇ ಓದುತ್ತದೆ. ಅಲ್ಲಿ 50-ಕ್ಲೌಡ್-ಇನಿಟ್.ಕಾನ್ಫ್ ಎಂಬ ಫೈಲಿನಲ್ಲಿ ಯೆಸ್ ಎಂದಿದ್ದರೆ ಅದೇ ಖಾಯಂ. ಪೋಸ್ಟ್‌ಗ್ರೆಸ್‌ನಲ್ಲಿ ಕೊನೆಯದು ಗೆದ್ದರೆ ಎಸ್‌ಎಸ್‌ಎಚ್‌ಡಿಯಲ್ಲಿ ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ಒಂದೇ ಯಂತ್ರದ ಎರಡು ಪ್ರೋಗ್ರಾಂಗಳಲ್ಲಿ ನಿಯಮ ಹೀಗೆ ತದ್ವಿರುದ್ಧ. ಇದನ್ನು ಬಾಯಿಪಾಠ ಮಾಡಿ ನೆನಪಿಟ್ಟುಕೊಳ್ಳಿ ಎಂದು ಹೊಸಬರಿಗೆ ಹೇಳುವುದರಲ್ಲಿ ಅರ್ಥವಿಲ್ಲ.

ಅದಕ್ಕೆ ಬದಲಾಗಿ ಎಸ್‌ಎಸ್‌ಎಚ್‌ಡಿಗೆ (ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂಗೆ) ದೊಡ್ಡಕ್ಷರದ -ಟಿ ಕೊಡಿ. ಎಲ್ಲ ಫೈಲುಗಳನ್ನು ಓದಿದ ಮೇಲೆ ತಾನು ಕೊನೆಗೆ ಹಿಡಿದ ಮೌಲ್ಯಗಳನ್ನು ಅದು ಮುದ್ರಿಸುತ್ತದೆ. ಕೆಲವು ಬಳಕೆದಾರರಿಗೆ ಅಥವಾ ವಿಳಾಸಗಳಿಗೆ ಮಾತ್ರ ಅನ್ವಯಿಸುವ ಮ್ಯಾಚ್ ಭಾಗಗಳಿದ್ದರೆ ಜೊತೆಗೆ ದೊಡ್ಡಕ್ಷರದ -ಸಿ ಕೊಟ್ಟು ಬಳಕೆದಾರನ ಹೆಸರನ್ನೂ ವಿಳಾಸವನ್ನೂ ಸೂಚಿಸಬೇಕು. ಅದರ ಕೊರತೆ ಎಂದರೆ ಯಾವ ಫೈಲಿನಿಂದ ಬಂತು ಎಂದು ಹೇಳುವುದಿಲ್ಲ. ಮೌಲ್ಯ ನಿರೀಕ್ಷೆಗಿಂತ ಬೇರೆಯಾಗಿದೆ ಎಂದು ಗೊತ್ತಾದ ಮೇಲೆ ಫೈಲನ್ನು ನಾವೇ ಹುಡುಕಬೇಕು. ವೆಬ್ ಸರ್ವರ್ ಆದ ಎನ್‌ಜಿನ್‌ಎಕ್ಸ್‌ನ ದೊಡ್ಡಕ್ಷರದ -ಟಿ ಇದಕ್ಕಿಂತ ಉಪಕಾರಿ. ಒಳಗೆ ಸೇರಿದ ಪ್ರತಿ ಫೈಲಿನ ಹಾದಿಯನ್ನು ಮೇಲೆ ಬರೆದು ಅದರ ಪಠ್ಯವನ್ನು ಕೆಳಗೆ ಕೊಡುತ್ತದೆ. ಸಿಸ್ಟಂಸಿಟಿಎಲ್ ಕ್ಯಾಟ್ ಕೂಡ ಹಾಗೆಯೇ, ಮೂಲ ಯೂನಿಟ್ ಫೈಲು ಯಾವುದು, ಅದರ ಮೇಲೆ ಬಂದ ಓವರ್‌ರೈಡ್ ಯಾವುದು ಎಂದು ಹಾದಿ ಸಮೇತ ತೋರಿಸುತ್ತದೆ.

ನವನಗರ ಸೆಕ್ಟರ್ | ಬಾಗಲಕೋಟೆ

ಯಾರು, ಯಾವಾಗ, ಏಕೆ ಎಂಬ ಪ್ರಶ್ನೆಗೆ ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಗಿಟ್‌ಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಇಟಿಸಿಕೀಪರ್ ಹಾಕಿಕೊಳ್ಳಿ. ಪ್ಯಾಕೇಜ್ ಬದಲಾಗುವ ಮೊದಲು ಮತ್ತು ನಂತರ ಇಡೀ ಇಟಿಸಿ ಡೈರೆಕ್ಟರಿಯನ್ನು ತಾನೇ ಕಮಿಟ್ ಮಾಡುತ್ತದೆ, ಅಂದರೆ ಗಿಟ್‌ನಲ್ಲಿ ದಾಖಲಿಸುತ್ತದೆ. ಕೈಯಿಂದ ಬದಲಾಯಿಸಿದಾಗ ಕಾರಣ ಬರೆದು ನಾವೇ ಕಮಿಟ್ ಮಾಡಬೇಕು. ಆಮೇಲೆ ಗಿಟ್ ಬ್ಲೇಮ್ ಕೊಟ್ಟರೆ ಯಾವ ಸಾಲು ಯಾರದ್ದು, ಯಾವ ದಿನದ್ದು ಎಂದು ಕಾಣುತ್ತದೆ.

ಗುಮ್ಮಟದ ಪಡಸಾಲೆ | ವಿಜಯಪುರ

ನವನಗರದವರೇ, ಇಟಿಸಿಕೀಪರ್ ನಾನೂ ಬಳಸುತ್ತೇನೆ, ಬಿಡಬೇಡಿ. ಆದರೆ ಮುಧೋಳದ ಅಣ್ಣನವರ ಸಮಸ್ಯೆಯನ್ನು ಅದು ಹಿಡಿಯುತ್ತಿರಲಿಲ್ಲ. ಡೆಬಿಯನ್ ಬಗೆಯ ಯಂತ್ರದಲ್ಲಿ ಪೋಸ್ಟ್‌ಗ್ರೆಸ್‌ನ ಮುಖ್ಯ ಕಾನ್ಫಿಗ್ ಇಟಿಸಿಯಲ್ಲಿದೆ, ಆದರೆ ಆಲ್ಟರ್ ಸಿಸ್ಟಂ ಬರೆಯುವ ಆಟೋ.ಕಾನ್ಫ್ ಇರುವುದು ವಾರ್ ಎಂಬ ಬೇರೆ ಡೈರೆಕ್ಟರಿಯ ಕೆಳಗಿನ ಡೇಟಾ ಡೈರೆಕ್ಟರಿಯಲ್ಲಿ. ಇಟಿಸಿಕೀಪರ್ ಅತ್ತ ತಿರುಗಿಯೂ ನೋಡುವುದಿಲ್ಲ. ಬಳಕೆದಾರನಿಗೆ ಅಂಟಿಸಿದ ಸೆಟ್ಟಿಂಗ್ ಡೇಟಾಬೇಸ್‌ನೊಳಗಿದೆ, ಅದು ಗಿಟ್‌ನ ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ.

ನಾನು ಮಾಡುವುದು ಇಷ್ಟು. ಪಿಜಿ_ಸೆಟ್ಟಿಂಗ್ಸ್‌ನಲ್ಲಿ ಸೋರ್ಸ್ ಡಿಫಾಲ್ಟ್ ಅಲ್ಲದ ಎಲ್ಲ ಸಾಲುಗಳನ್ನೂ, ಪಿಜಿ_ಡಿಬಿ_ರೋಲ್_ಸೆಟ್ಟಿಂಗ್‌ನ ಎಲ್ಲ ಸಾಲುಗಳನ್ನೂ ಹೆಸರಿನ ಕ್ರಮದಲ್ಲಿ ಪ್ರತಿ ರಾತ್ರಿ ಒಂದು ಪಠ್ಯ ಫೈಲಿಗೆ ಬರೆಸಿ ಅದನ್ನು ಗಿಟ್‌ಗೆ ಹಾಕುತ್ತೇನೆ. ಬದಲಾದರೆ ಬೆಳಿಗ್ಗೆ ಡಿಫ್ (ವ್ಯತ್ಯಾಸದ ಪಟ್ಟಿ) ಇ-ಅಂಚೆಗೆ ಬರುತ್ತದೆ. ಲಾಗ್_ಸ್ಟೇಟ್‌ಮೆಂಟ್ ಅನ್ನು ಡಿಡಿಎಲ್ (ರಚನೆ ಬದಲಿಸುವ ಆಜ್ಞೆಗಳು) ಎಂದು ಇಟ್ಟರೆ ಆಲ್ಟರ್ ಆಜ್ಞೆಗಳು ಲಾಗ್‌ಗೆ ಬೀಳುತ್ತವೆ. ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಬಳಕೆದಾರನ ಹೆಸರು ಮತ್ತು ಸಮಯ ಬರುವಂತೆ ಮಾಡಿದರೆ ಯಾರು, ಯಾವಾಗ ಎಂಬ ಎರಡಕ್ಕೂ ಉತ್ತರ ಸಿಗುತ್ತದೆ. ಏಕೆ ಎಂಬುದನ್ನು ಮಾತ್ರ ಮನುಷ್ಯರೇ ಬರೆಯಬೇಕು.

ಈ ವಿಷಯದಲ್ಲಿ ಮೈಎಸ್‌ಕ್ಯೂಎಲ್ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದೇ ನನ್ನ ಅಭಿಪ್ರಾಯ. 8.0ರಲ್ಲಿ ಪರ್ಫಾರ್ಮೆನ್ಸ್_ಸ್ಕೀಮಾದೊಳಗೆ ವೇರಿಯಬಲ್ಸ್_ಇನ್ಫೋ ಎಂಬ ಕೋಷ್ಟಕ ಇದೆ. ಮೌಲ್ಯದ ಮೂಲ ಯಾವುದು, ಫೈಲಾದರೆ ಅದರ ಹಾದಿ ಯಾವುದು ಎಂಬುದರ ಜೊತೆಗೆ, ಓಡುತ್ತಿರುವಾಗಲೇ ಬದಲಾಯಿಸಿದ್ದರೆ ಸೆಟ್_ಟೈಮ್, ಸೆಟ್_ಯೂಸರ್, ಸೆಟ್_ಹೋಸ್ಟ್ ಕಾಲಂಗಳಲ್ಲಿ ಬದಲಾಯಿಸಿದವರ ಗುರುತೂ ಸಿಗುತ್ತದೆ. ಅದರಲ್ಲಿ ಸಾಲಿನ ಸಂಖ್ಯೆ ಇಲ್ಲ, ಪೋಸ್ಟ್‌ಗ್ರೆಸ್‌ನಲ್ಲಿ ಅದು ಇದೆ. ಎರಡನ್ನೂ ಬೆರೆಸಿದ ಒಂದು ಡೇಟಾಬೇಸ್ ಬಂದರೆ ನಾನು ಹಬ್ಬ ಮಾಡುತ್ತೇನೆ. ಮರಿಯಾಡಿಬಿಯವರು ಇನ್ಫರ್ಮೇಶನ್_ಸ್ಕೀಮಾದ ಸಿಸ್ಟಂ_ವೇರಿಯಬಲ್ಸ್‌ನಲ್ಲಿ ಗ್ಲೋಬಲ್_ವ್ಯಾಲ್ಯೂ_ಆರಿಜಿನ್ ಕಾಲಂ ನೋಡಿ.

ಒಣದ್ರಾಕ್ಷಿ ಶೆಡ್ | ತಿಕೋಟಾ

ನಡುವೆ ಪ್ರವೇಶಿಸಿದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಜಾತಿಯ ತೊಂದರೆ. ನಮ್ಮ ಬೆಳೆಗಾರರ ಗುಂಪಿನ ಜಾಲತಾಣದಲ್ಲಿ ಸದಸ್ಯರು ಒಣದ್ರಾಕ್ಷಿಯ ಫೋಟೋ ಹಾಕುತ್ತಾರೆ. ಈಗಿನ ಮೊಬೈಲ್ ಫೋಟೋಗಳು ದೊಡ್ಡವು, ಮೇಲೇರುವುದಿಲ್ಲ. ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಅಪ್‌ಲೋಡ್_ಮ್ಯಾಕ್ಸ್_ಫೈಲ್‌ಸೈಜ್ 20 ಎಂಬಿ ಮಾಡಿದ್ದೇನೆ. ಪಿಎಚ್‌ಪಿ -ಐ ಎಂದು ಟರ್ಮಿನಲ್‌ನಲ್ಲಿ ಕೇಳಿದರೆ 20 ಎಂದೇ ತೋರಿಸುತ್ತದೆ. ಜಾಲತಾಣ ಮಾತ್ರ ಹಳೆಯ ಹಾಗೆಯೇ.

ನವನಗರ ಸೆಕ್ಟರ್ | ಬಾಗಲಕೋಟೆ

ಶೆಡ್ ಅಣ್ಣಾ, ಟರ್ಮಿನಲ್‌ನ ಪಿಎಚ್‌ಪಿ ಬೇರೆ, ಜಾಲತಾಣದ ಪಿಎಚ್‌ಪಿ ಬೇರೆ. ಉಬುಂಟುವಿನಲ್ಲಿ ಸಿಎಲ್‌ಐ (ಟರ್ಮಿನಲ್‌ಗೆ) ಮತ್ತು ಎಫ್‌ಪಿಎಂ (ಜಾಲತಾಣಕ್ಕೆ) ಎಂಬ ಎರಡು ಡೈರೆಕ್ಟರಿಗಳಲ್ಲಿ ಎರಡು ಬೇರೆ ಬೇರೆ ಪಿಎಚ್‌ಪಿ.ಐಎನ್‌ಐ ಇರುತ್ತವೆ. ನೀವು ತಿದ್ದಿದ್ದು ಮೊದಲನೆಯದನ್ನು ಎನಿಸುತ್ತದೆ. ಜಾಲತಾಣದ ಮೂಲಕವೇ ಪಿಎಚ್‌ಪಿಇನ್ಫೋ ಪುಟ ತೆರೆದು ಲೋಡೆಡ್ ಕಾನ್ಫಿಗರೇಶನ್ ಫೈಲ್ ಎಂಬ ಸಾಲು ಓದಿ, ನಿಜವಾಗಿ ಓದಿದ ಫೈಲು ಅಲ್ಲಿ ಸಿಗುತ್ತದೆ. ಅದೇ ಪುಟದಲ್ಲಿ ಲೋಕಲ್ ವ್ಯಾಲ್ಯೂ, ಮಾಸ್ಟರ್ ವ್ಯಾಲ್ಯೂ ಎಂಬ ಎರಡು ಕಾಲಂಗಳಿವೆ. ಎರಡೂ ಬೇರೆಯಾಗಿದ್ದರೆ .ಯೂಸರ್.ಐಎನ್‌ಐ ಅಥವಾ ಬೇರೆ ಯಾವುದೋ ಪದರ ನಡುವೆ ಬಂದಿದೆ ಎಂದು ತಿಳಿಯಿರಿ. ನೋಡಿದ ಮೇಲೆ ಆ ಪುಟವನ್ನು ತಪ್ಪದೆ ಅಳಿಸಿ, ಹೊರಗಿನವರ ಕೈಗೆ ಸಿಗಬಾರದ ವಿವರಗಳು ಅದರಲ್ಲಿವೆ.

ಇನ್ನೊಂದು, ಪೋಸ್ಟ್_ಮ್ಯಾಕ್ಸ್_ಸೈಜ್ ಕೂಡ ಏರಿಸಬೇಕು, ಅದರ ಡಿಫಾಲ್ಟ್ 8 ಎಂಬಿ. ಮುಂದೆ ಎನ್‌ಜಿನ್‌ಎಕ್ಸ್ ಇದ್ದರೆ ಅದರ ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಡಿಫಾಲ್ಟ್ 1 ಎಂಬಿ. ಬ್ರೌಸರ್‌ನಲ್ಲಿ 413 ಸಂಖ್ಯೆಯ ದೋಷ ಕಂಡರೆ ತಡೆದದ್ದು ಎನ್‌ಜಿನ್‌ಎಕ್ಸ್, ಪಿಎಚ್‌ಪಿವರೆಗೆ ಫೋಟೋ ಹೋಗಿಯೇ ಇಲ್ಲ.

ಅಂತಿಮ ಸೆಮಿಸ್ಟರ್ | ಬೆಳಗಾವಿ

ಸರ್, ಮೇಡಂ, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ತಂಡ ಪೈಥಾನ್‌ನಲ್ಲಿ ಒಂದು ಸರ್ವರ್ ಪ್ರೋಗ್ರಾಂ ಬರೆಯುತ್ತಿದೆ. ಡಿಫಾಲ್ಟ್, ಐಎನ್‌ಐ ಫೈಲು, ಎನ್ವಿರಾನ್ಮೆಂಟ್ ವೇರಿಯಬಲ್, ಕಮಾಂಡ್ ಲೈನ್ ಈ ನಾಲ್ಕನ್ನೂ ಓದಿ ಕೊನೆಗೆ ಒಂದೇ ಡಿಕ್ಷನರಿ ಮಾಡಿಕೊಳ್ಳುತ್ತೇವೆ. ಪಿಜಿ_ಸೆಟ್ಟಿಂಗ್ಸ್‌ನಂತೆ ನಮ್ಮ ಪ್ರೋಗ್ರಾಂ ಕೂಡ ಮೂಲ ಹೇಳಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ನವನಗರ ಸೆಕ್ಟರ್ | ಬಾಗಲಕೋಟೆ

ತಮ್ಮಾ, ಓದುವಾಗಲೇ ಈ ಪ್ರಶ್ನೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿತು. ಪ್ರೋಗ್ರಾಂ ಮುಗಿದ ಮೇಲೆ ಇದನ್ನು ಸೇರಿಸುವುದು ಕಷ್ಟ, ಆರಂಭದಲ್ಲೇ ಮಾಡಿದರೆ ಒಂದು ಸಂಜೆಯ ಕೆಲಸ.

ಡಿಕ್ಷನರಿಗಳನ್ನು ಒಂದರ ಮೇಲೊಂದು ಅಪ್‌ಡೇಟ್ ಮಾಡುವಾಗ ಹಳೆಯ ಮೌಲ್ಯ ಅಳಿದುಹೋಗುತ್ತದೆ, ಅದರ ಜೊತೆಗೆ ಅದರ ಗುರುತೂ ಹೋಗುತ್ತದೆ. ಮೂಲ ಕಳೆದುಹೋಗುವುದು ಆ ಒಂದು ಸಾಲಿನಲ್ಲಿ. ಹಾಗಾಗಿ ಬರೀ ಮೌಲ್ಯವನ್ನು ಇಡಬೇಡಿ. ಮೌಲ್ಯ, ಅದು ಬಂದ ಪದರ, ಫೈಲಿನ ಪೂರ್ಣ ಹಾದಿ, ಸಾಲಿನ ಸಂಖ್ಯೆ ಇವನ್ನು ಒಟ್ಟಿಗೆ ಕಟ್ಟಿದ ಒಂದು ಚಿಕ್ಕ ವಸ್ತು ಮಾಡಿ. ನಮ್ಮ ಪಹಣಿಯಲ್ಲಿ ಹೆಸರಿನ ಜೊತೆಗೆ ಆ ಜಮೀನು ಯಾವ ಎಂ.ಆರ್. (ಹಕ್ಕು ಬದಲಾವಣೆಯ ದಾಖಲೆ) ಮೂಲಕ ಬಂತು ಎಂಬುದೂ ದಾಖಲಾಗಿರುತ್ತದಲ್ಲ, ಹಾಗೆ. ಪ್ರತಿ ಹೆಸರಿಗೆ ಇಂತಹ ವಸ್ತುಗಳ ಪಟ್ಟಿ ಇರಲಿ. ಹೊಸ ಪದರ ಬಂದಾಗ ಪಟ್ಟಿಯ ಕೊನೆಗೆ ಸೇರಿಸಿ, ಹಳೆಯದನ್ನು ಎಸೆಯಬೇಡಿ. ಕೊನೆಯದು ಜಾರಿಯಲ್ಲಿರುವ ಮೌಲ್ಯ, ಉಳಿದವು ಸೋತ ಮೌಲ್ಯಗಳು. ಸೋತವು ಏಕೆ ಬೇಕು ಎಂದರೆ, ನಾನು ಫೈಲಿನಲ್ಲಿ ಬರೆದಿದ್ದೇನೆ, ಏಕೆ ಜಾರಿಯಾಗಿಲ್ಲ ಎಂದೇ ಜನ ಕೇಳುವುದು. ಬರೆದದ್ದನ್ನು ಓದಿದ್ದೇನೆ, ಇಂಥ ಎನ್ವಿರಾನ್ಮೆಂಟ್ ವೇರಿಯಬಲ್ ಅದನ್ನು ಮೀರಿತು ಎಂದು ಪ್ರೋಗ್ರಾಂ ಹೇಳಬೇಕು.

ಪೈಥಾನ್‌ನ ಕಾನ್ಫಿಗ್‌ಪಾರ್ಸರ್ ಬಗ್ಗೆ ಎಚ್ಚರವಿರಲಿ. ಅದರ ರೀಡ್ ವಿಧಾನಕ್ಕೆ ಕೊಟ್ಟ ಫೈಲು ಇಲ್ಲದಿದ್ದರೆ ದೋಷ ಬರುವುದಿಲ್ಲ, ಸದ್ದಿಲ್ಲದೆ ಮುಂದೆ ಹೋಗುತ್ತದೆ. ನಿಜವಾಗಿ ಓದಿದ ಫೈಲುಗಳ ಪಟ್ಟಿಯನ್ನು ಅದು ಹಿಂದಿರುಗಿಸುತ್ತದೆ, ಆ ಪಟ್ಟಿಯನ್ನು ಲಾಗ್‌ಗೆ ಬರೆಯಿರಿ. ಸಾಲಿನ ಸಂಖ್ಯೆಯನ್ನು ಅದು ನಿಮಗೆ ಉಳಿಸಿಕೊಡುವುದಿಲ್ಲ, ಹಾಗಾಗಿ ಸರಳ ಐಎನ್‌ಐ ಆದರೆ ಓದುವ ಭಾಗವನ್ನು ನೀವೇ ಬರೆದುಕೊಳ್ಳುವುದು ಮೇಲು.

ಗೊತ್ತಿಲ್ಲದ ಹೆಸರು ಕಂಡರೆ ನಿಲ್ಲಿಸಿ. ಎಸ್‌ಎಸ್‌ಎಚ್‌ಡಿ ಆಗಲಿ ಪೋಸ್ಟ್‌ಗ್ರೆಸ್ ಆಗಲಿ ಫೈಲಿನಲ್ಲಿ ಕಾಗುಣಿತ ತಪ್ಪಿದ ಹೆಸರಿದ್ದರೆ ಆರಂಭವಾಗಲು ಒಪ್ಪುವುದಿಲ್ಲ. ಎನ್ವಿರಾನ್ಮೆಂಟ್‌ನಲ್ಲಿ ಈ ರಕ್ಷಣೆ ತಾನಾಗಿ ಬರುವುದಿಲ್ಲ. ನಿಮ್ಮ ವೇರಿಯಬಲ್‌ಗಳಿಗೆಲ್ಲ ಒಂದೇ ಪೂರ್ವಪದ ಇಟ್ಟುಕೊಂಡರೆ, ಆ ಪೂರ್ವಪದದಿಂದ ಶುರುವಾಗಿ ಯಾವ ಸೆಟ್ಟಿಂಗ್‌ಗೂ ಹೊಂದದ ಹೆಸರನ್ನು ಹಿಡಿದು ಎಚ್ಚರಿಸಬಹುದು.

ಕೊನೆಗೆ ಪಟ್ಟಿ ತೋರಿಸುವ ಒಂದು ಆಜ್ಞೆ ಕೊಡಿ. ಗಿಟ್ ಇದನ್ನು ಚೆನ್ನಾಗಿ ಮಾಡುತ್ತದೆ, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಿ. ಗಿಟ್ ಕಾನ್ಫಿಗ್‌ಗೆ ಲಿಸ್ಟ್ ಜೊತೆ ಶೋ-ಆರಿಜಿನ್ ಕೊಟ್ಟರೆ ಪ್ರತಿ ಸೆಟ್ಟಿಂಗ್‌ನ ಹಿಂದೆ ಅದರ ಫೈಲು ಬರುತ್ತದೆ. ಇದು 2016ರ 2.8ನೇ ಆವೃತ್ತಿಯಿಂದ ಇದೆ. ಪಾಸ್‌ವರ್ಡ್, ಕೀಲಿಗಳ ಮೂಲವನ್ನು ತೋರಿಸಿ, ಮೌಲ್ಯವನ್ನು ಮರೆಮಾಡಿ. ಜಾವಾ ಚೌಕಟ್ಟಾದ ಸ್ಪ್ರಿಂಗ್ ಬೂಟ್‌ನ, ಸೆಟ್ಟಿಂಗ್‌ಗಳನ್ನು ತೋರಿಸುವ ಎನ್ವ್ ಪುಟ 3.0ರಿಂದ ಎಲ್ಲ ಮೌಲ್ಯಗಳನ್ನೂ ಮರೆಮಾಡುವುದನ್ನೇ ಡಿಫಾಲ್ಟ್ ಮಾಡಿಕೊಂಡಿದೆ. ಒಳ್ಳೆಯ ನಿರ್ಧಾರ.

ಉದ್ಯಮಬಾಗ್ ಪಾಳಿ | ಬೆಳಗಾವಿ

ಕುಂದಾನಗರಿಯವರ ಎಸ್‌ಎಸ್‌ಎಚ್ ಉದಾಹರಣೆ ಓದಿ ನಮ್ಮ ಬಾಡಿಗೆ ಯಂತ್ರಗಳಲ್ಲಿ ದೊಡ್ಡಕ್ಷರದ -ಟಿ ಕೊಟ್ಟು ನೋಡಿದೆ. ಎಲ್ಲ ಕಡೆಯೂ ನೋ ಎಂದೇ ಇದೆ. ಒಂದೇ ಫೈಲಿನ ಶಿಸ್ತನ್ನು ನಾನು ಬಿಡುವುದಿಲ್ಲ, ಏಕೆಂದರೆ ರಾತ್ರಿ ಪಾಳಿಯ ಹುಡುಗನಿಗೆ ಓದಲು ಒಂದೇ ಜಾಗ ಇರಬೇಕು. ಆದರೆ ತಿದ್ದಿದ ಮೇಲೆ ಪ್ರೋಗ್ರಾಂನಿಂದಲೇ ಮೌಲ್ಯ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬುದನ್ನು ನಮ್ಮ ನಿಯಮಕ್ಕೆ ಇಂದೇ ಸೇರಿಸಿದ್ದೇನೆ.

ಘಟಪ್ರಭಾ ದಂಡೆ | ಮುಧೋಳ

ಎಲ್ಲರಿಗೂ ಮುಂದಿನ ಸುದ್ದಿ. ಪಾಳಿಯವರ ಊಹೆ ನೂರಕ್ಕೆ ನೂರು ನಿಜ. ನಿವೃತ್ತರಾದ ಲೆಕ್ಕಾಧಿಕಾರಿ ಕಾಕಾ ಅವರನ್ನು ಮನೆಗೆ ಹೋಗಿ ವಿಚಾರಿಸಿದೆ. ಹಿಂದೊಂದು ಹಂಗಾಮಿನಲ್ಲಿ ಎಲ್ಲ ವರ್ಷಗಳ ತೂಕವನ್ನು ಒಟ್ಟಿಗೆ ಕೂಡಿಸುವ ವರದಿಯೊಂದನ್ನು ಹಗಲಿನಲ್ಲಿ ಓಡಿಸಿದ್ದರಂತೆ. ಡಿಸ್ಕ್ ಪೂರ್ತಿ ಅದರಲ್ಲೇ ತೊಡಗಿ ಕಾಟಾದ ಚೀಟಿ ಹೊರಬರಲು ನಿಮಿಷಗಟ್ಟಲೆ ಹಿಡಿಯಿತಂತೆ. ಆ ಸಂಜೆ ತಂತ್ರಾಂಶದವರು ವರದಿ ಬಳಕೆದಾರನಿಗೆ ಮಿತಿ ಹಾಕಿಹೋದರು. ಬಿಲ್ ಪ್ರೋಗ್ರಾಂ ಬಂದದ್ದು ಅದರ ನಂತರ. ಬರೆದವರು ಇದ್ದ ವರದಿ ಬಳಕೆದಾರನ ಹೆಸರನ್ನೇ ಅದಕ್ಕೂ ಕೊಟ್ಟರು.

ಹಾಗಾಗಿ ಮಿತಿಯನ್ನು ತೆಗೆದಿಲ್ಲ. ವರದಿಗಳಿಗೆ ಅದು ಹಾಗೆಯೇ ಇದೆ. ಬಿಲ್‌ಗೆ ಬೇರೆ ಬಳಕೆದಾರನನ್ನು ಮಾಡಿ, ಅವನಿಗೆ 20 ನಿಮಿಷದ ಮಿತಿ ಕೊಟ್ಟು, ಕಾಮೆಂಟ್ ಆನ್ ರೋಲ್ ಆಜ್ಞೆಯಿಂದ ಎರಡೂ ಹೆಸರುಗಳ ಮೇಲೆ ಕಾರಣ ಬರೆದಿಟ್ಟಿದ್ದೇನೆ. ಮೇಡಂ ಹೇಳಿದ ರಾತ್ರಿ ಪಟ್ಟಿಯೂ ಗಿಟ್‌ಗೆ ಹೋಗುತ್ತಿದೆ. ನಿನ್ನೆ ರಾತ್ರಿ ಎಲ್ಲ ಗ್ರಾಮಗಳ ಬಿಲ್ ಒಂದೇ ಸಲಕ್ಕೆ ಬಂತು.

ಒಂದು ಸಂದೇಹ ಉಳಿದಿದೆ. ವರ್ಷದ ಕೊನೆಯ ಲೆಕ್ಕ 20 ನಿಮಿಷ ದಾಟಬಹುದು. ಅದೊಂದಕ್ಕೆ ಮಾತ್ರ ಮಿತಿ ಸಡಿಲಿಸಲು ಪ್ರೋಗ್ರಾಂನಲ್ಲಿ ಸೆಟ್ ಲೋಕಲ್ (ಒಂದು ಟ್ರಾನ್ಸಾಕ್ಷನ್‌ಗೆ ಮಾತ್ರ ಮೌಲ್ಯ ಬದಲಿಸುವ ಆಜ್ಞೆ) ಬರೆದರೆ ಸಾಕೇ?

ಗುಮ್ಮಟದ ಪಡಸಾಲೆ | ವಿಜಯಪುರ

ಸಾಕು ಅಣ್ಣಾ, ಆದರೆ ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ತೆರೆದ ಮೇಲೆ ಬರೆಯಿರಿ. ನಿಮ್ಮ ಡ್ರೈವರ್ ಆಟೋಕಮಿಟ್‌ನಲ್ಲಿದ್ದರೆ (ಪ್ರತಿ ಆಜ್ಞೆಯನ್ನೂ ಪ್ರತ್ಯೇಕ ಟ್ರಾನ್ಸಾಕ್ಷನ್ ಆಗಿ ಮುಗಿಸುತ್ತಿದ್ದರೆ) ಸೆಟ್ ಲೋಕಲ್‌ಗೆ ಒಂದು ಎಚ್ಚರಿಕೆ ಮಾತ್ರ ಬರುತ್ತದೆ, ಪರಿಣಾಮ ಏನೂ ಇರುವುದಿಲ್ಲ. ಬರೆದ ನಂತರ ಅದೇ ಟ್ರಾನ್ಸಾಕ್ಷನ್‌ನೊಳಗೆ ಪಿಜಿ_ಸೆಟ್ಟಿಂಗ್ಸ್ ಕೇಳಿ ನೋಡಿ, ಸೋರ್ಸ್ ಕಾಲಂನಲ್ಲಿ ಸೆಶನ್ ಎಂದು ಬರಬೇಕು. ಕಮಿಟ್ ಆದ ಕೂಡಲೇ ಅದು ಮತ್ತೆ ಯೂಸರ್‌ಗೆ ಮರಳುತ್ತದೆ. ಮುಂದೆ ಬಳಕೆದಾರನ ಮಿತಿಯನ್ನೇ ಆಲ್ಟರ್ ರೋಲ್‌ನಿಂದ ಬದಲಾಯಿಸುವುದಾದರೆ, ಆಗಲೇ ತೆರೆದಿರುವ ಸಂಪರ್ಕಗಳಿಗೆ ಅದು ತಗಲುವುದಿಲ್ಲ. ಬಿಲ್ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು.